ವೈತಂಗಿಯ ಒಪ್ಪಂದವೂ ಮಾವೊರಿ ಜನರೂ

(ಅಂತಿಮ ಬಿ. ಎ., ಇತಿಹಾಸ)

ಬ್ರಿಟಿಷರು ನಮ್ಮ ದೇಶದಲ್ಲಿ ಮಾಡಿಕೊಂಡ ಒಪ್ಪಂದಗಳ ವಿಷಯವನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾದುದಿಲ್ಲ. 1784ರ ಮಂಗಳೂರಿನ ಒಪ್ಪಂದ, 1792ರ ಶ್ರೀರಂಗಪಟ್ಟಣದ ಒಪ್ಪಂದ ಎಂದು ಪರೀಕ್ಷೆಯ ಹಿಂದಿನ ರಾತ್ರಿ ಇಸವಿಗಳನ್ನು ಬಾಯಿಪಾಠ ಮಾಡದವರು ನಮ್ಮ ತರಗತಿಯಲ್ಲಿ ಯಾರೂ ಇರಲಾರರು. ಆ ಒಪ್ಪಂದಗಳೆಲ್ಲ ಇಂದು ಪುಸ್ತಕದ ಸಾಲುಗಳಾಗಿ ಉಳಿದಿವೆಯೇ ಹೊರತು, ಅವುಗಳನ್ನು ಕೈಯಲ್ಲಿ ಹಿಡಿದು ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ. ಆದರೆ ಬ್ರಿಟಿಷರ ಇನ್ನೊಂದು ವಸಾಹತಿನಲ್ಲಿ, 1840ರಲ್ಲಿ, ಅಲ್ಲಿನ ಮೂಲನಿವಾಸಿಗಳೊಡನೆ ಬರೆದುಕೊಂಡ ಒಂದು ಒಪ್ಪಂದವಿದೆ. ಅದರ ಒಂದೆರಡು ಶಬ್ದಗಳ ಅರ್ಥಕ್ಕಾಗಿ ನೂರೆಂಬತ್ತು ವರ್ಷಗಳಿಗೂ ಮೀರಿ ವಾದ ನಡೆದಿದೆ, ರಕ್ತ ಹರಿದಿದೆ, ಜನ ಸೆರೆಮನೆಗೆ ಹೋಗಿದ್ದಾರೆ, ಇಂದಿಗೂ ಆ ದೇಶದ ಪಾರ್ಲಿಮೆಂಟು ಅದರ ಮಾತಿಗೆ ಕಿವಿಗೊಡಲೇಬೇಕಾಗಿದೆ. ಆ ದೇಶ ನ್ಯೂಜಿಲೆಂಡ್, ಆ ಜನ ಮಾವೊರಿಗಳು, ಆ ಸ್ಥಳ ವೈತಂಗಿ.

ನ್ಯೂಜಿಲೆಂಡ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಕ್ರಿಕೆಟ್ ತಂಡವೊಂದು ನೆನಪಾಗುವುದು ಸಹಜ. ಅದಕ್ಕಾಗಿ ಯಾರನ್ನೂ ದೂರುವಂತಿಲ್ಲ; ಭೂಪಟದಲ್ಲಿ ಅದು ಬಲಗಡೆಯ ಕೆಳಮೂಲೆಯಲ್ಲಿ, ಕೆಲವು ಪಟಗಳಲ್ಲಿ ಅಂಚಿನಿಂದ ಹೊರಗೇ ಬಿದ್ದುಹೋಗುವ ಎರಡು ದೊಡ್ಡ ದ್ವೀಪಗಳ ನಾಡು. ಪೆಸಿಫಿಕ್ ಮಹಾಸಾಗರದ ಪೂರ್ವ ಪಾಲಿನೇಷಿಯಾದ ದ್ವೀಪಗಳಿಂದ ಮಾವೊರಿಗಳ ಪೂರ್ವಜರು ಕ್ರಿ. ಶ. 13ನೆಯ ಶತಮಾನದ ಸುಮಾರಿಗೆ ದೊಡ್ಡ ದೋಣಿಗಳಲ್ಲಿ ಇಲ್ಲಿಗೆ ಬಂದರು. ದಿಕ್ಸೂಚಿಯಿಲ್ಲ, ನಕ್ಷೆಯಿಲ್ಲ; ನಕ್ಷತ್ರ, ಅಲೆ, ಹಕ್ಕಿಗಳ ಹಾರಾಟ ಇವುಗಳೇ ದಾರಿ ತೋರಿದವು. ನಮ್ಮಲ್ಲಿ ಹೊಯ್ಸಳರು ಆಳುತ್ತಿದ್ದ ಕಾಲದಲ್ಲಿ ಸಾವಿರಾರು ಮೈಲಿ ನೀರನ್ನು ದಾಟಿ ಬಂದ ಈ ಜನರನ್ನು ಮುಂದೆ ಐರೋಪ್ಯರು ಅನಾಗರಿಕರೆಂದು ಕರೆದುದು ವಿಚಿತ್ರವೇ ಸರಿ. ಇಂದು ನಾಡಿಗೆ ಮಾವೊರಿ ಭಾಷೆಯಲ್ಲಿರುವ ಹೆಸರು ಅವೊತೆಯರೊವ. ಉದ್ದನೆಯ ಬಿಳಿಯ ಮೋಡದ ನಾಡು ಎಂದು ಅದಕ್ಕೆ ವಾಡಿಕೆಯಲ್ಲಿ ಅರ್ಥ ಹೇಳುತ್ತಾರೆ.

ಅವರ ಭಾಷೆಯಲ್ಲಿ ನೆಲಕ್ಕೆ 'ಫೆನುವ' ಎಂದು ಹೆಸರು. ಮಗು ಹುಟ್ಟಿದಾಗ ತಾಯಿಯ ಗರ್ಭದಿಂದ ಬೀಳುವ ಮಾಸಿಗೂ ಅದೇ ಶಬ್ದ. ಆ ಮಾಸನ್ನು ತಮ್ಮ ಕುಲದ ನೆಲದಲ್ಲಿ ಹೂಳುವುದು ಅವರ ಪದ್ಧತಿ. ನಮ್ಮ ಹಳ್ಳಿಗಳಲ್ಲಿಯೂ ಅದನ್ನು ಹೂಳುವುದುಂಟು. ಆದರೆ ಎರಡಕ್ಕೂ ಒಂದೇ ಮಾತನ್ನು ಇಟ್ಟುಕೊಂಡವರು ಅವರು. ನೆಲವು ಒಬ್ಬನ ಸ್ವತ್ತಲ್ಲ, ಕುಲದ ಬೇರು. ಮಾರುವುದು, ಕೊಳ್ಳುವುದು, ಖಾತೆ ಮಾಡಿಸುವುದು ಇವುಗಳಾವುವೂ ಅಲ್ಲಿ ಇರಲಿಲ್ಲ. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ತಾನಾಗಿ ತಿಳಿಯುವುದು.

1642ರ ಡಿಸೆಂಬರಿನಲ್ಲಿ ಡಚ್ ನಾವಿಕ ಏಬೆಲ್ ಟಾಸ್ಮನ್ ಈ ತೀರವನ್ನು ಕಂಡನು. ಮಾವೊರಿಗಳೊಡನೆ ನಡೆದ ಘರ್ಷಣೆಯಲ್ಲಿ ಅವನ ಕಡೆಯ ನಾಲ್ವರು ಸತ್ತರು. ಅವನು ದಡಕ್ಕಿಳಿಯದೆಯೇ ಹೊರಟುಹೋದನು. ಡಚ್ಚರು ತಮ್ಮ ನಾಡಿನ ಒಂದು ಪ್ರಾಂತದ ಹೆಸರನ್ನು ಇದಕ್ಕಿಟ್ಟು ಸುಮ್ಮನಾದರು. 1769ರ ಅಕ್ಟೋಬರಿನಲ್ಲಿ ಜೇಮ್ಸ್ ಕುಕ್ ಬಂದನು. ಅವನ ಹಡಗಿನಲ್ಲಿ ತಹಿತಿಯಿಂದ ಬಂದ ತುಪಾಯ ಎಂಬ ಪುರೋಹಿತನಿದ್ದನು. ಈತನ ಮಾತು ಮಾವೊರಿಗಳಿಗೆ ತಿಳಿಯಿತು. ಬ್ರಿಟಿಷರಿಗೂ ಮಾವೊರಿಗಳಿಗೂ ನಡುವೆ ದುಭಾಷಿ ನಿಂತ ಮೊದಲ ಪ್ರಸಂಗವಿದು. ಹಾಗಿದ್ದೂ ಮೊದಲ ಕೆಲವು ದಿನಗಳಲ್ಲಿಯೇ ಕುಕ್ಕನ ಜನರ ಗುಂಡಿಗೆ ಹಲವರು ಮಾವೊರಿಗಳು ಬಲಿಯಾದರು.

ಅನಂತರ ಬಂದವರು ತಿಮಿಂಗಿಲ ಹಿಡಿಯುವವರು, ಸೀಲ್ ಪ್ರಾಣಿಯ ತೊಗಲಿನ ವ್ಯಾಪಾರಿಗಳು, ಮರ ಕಡಿಯುವವರು, ಆಸ್ಟ್ರೇಲಿಯಾದ ಸೆರೆಗಳಿಂದ ಓಡಿಬಂದವರು. ಇವರ ಹಿಂದೆ 1814ರಲ್ಲಿ ಪಾದ್ರಿಗಳು. ಈ ಜನರೊಡನೆ ಎರಡು ಹೊಸ ವಸ್ತುಗಳು ದ್ವೀಪಕ್ಕೆ ಬಂದುವು: ಒಂದು ಬಂದೂಕು, ಇನ್ನೊಂದು ಅಕ್ಷರ. ಹೊಂಗಿ ಹಿಕ ಎಂಬ ನಾಯಕನು 1820ರಲ್ಲಿ ಇಂಗ್ಲೆಂಡಿಗೆ ಹೋಗಿ, ಕೇಂಬ್ರಿಜ್‌ನಲ್ಲಿ ಮಾವೊರಿ ವ್ಯಾಕರಣವನ್ನು ಸಿದ್ಧಪಡಿಸುವುದಕ್ಕೆ ನೆರವಾದನು. ಹಿಂತಿರುಗುವಾಗ ಸಿಡ್ನಿಯಿಂದ ನೂರಾರು ಬಂದೂಕುಗಳನ್ನು ತಂದನು. ವ್ಯಾಕರಣವೂ ಬಂದೂಕೂ ಒಬ್ಬನೇ ಮನುಷ್ಯನ ಪ್ರಯಾಣದಲ್ಲಿ ಒಟ್ಟಿಗೆ ಬಂದುವೆಂಬುದು ಇತಿಹಾಸದ ಹಾಸ್ಯ. ಕುಲಕುಲಗಳ ನಡುವೆ ಮುಂದೆ ನಡೆದ ಬಂದೂಕಿನ ಯುದ್ಧಗಳಲ್ಲಿ ಸತ್ತವರು ಸುಮಾರು 20,000 ಎಂದು ಇತಿಹಾಸಕಾರರ ಅಂದಾಜು.

ಅಕ್ಷರವೂ ಅಷ್ಟೇ ವೇಗವಾಗಿ ಹರಡಿತು. ವಿಲಿಯಂ ಕೊಲೆನ್ಸೊ ಎಂಬ ಮುದ್ರಕನು 1837ರಲ್ಲಿ ಬೈಬಲಿನ ಹೊಸ ಒಡಂಬಡಿಕೆಯನ್ನು ಮಾವೊರಿಯಲ್ಲಿ ಅಚ್ಚು ಹಾಕಿದನು. ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಕನ್ನಡಕ್ಕೆ ಕೈ ಹಾಕಿದುದು ಸರಿಸುಮಾರು ಇದೇ ಕಾಲ. ವ್ಯತ್ಯಾಸವೆಂದರೆ, ನಮ್ಮ ಭಾಷೆಗೆ ಆಗಲೇ ಸಾವಿರ ವರ್ಷದ ಬರಹವಿದ್ದಿತು. ಅವರ ಭಾಷೆಯನ್ನು ಕಾಗದಕ್ಕೆ ಇಳಿಸಿದವರೇ ಪಾದ್ರಿಗಳು. ಮಾವೊರಿಯಲ್ಲಿ ಯಾವ ಇಂಗ್ಲಿಷ್ ಶಬ್ದಕ್ಕೆ ಯಾವ ಮಾತು ಎಂಬುದನ್ನು ತೀರ್ಮಾನಿಸುವ ಅಧಿಕಾರವೂ ಇದರಿಂದ ಅವರ ಕೈಗೇ ಹೋಯಿತು.

1839ರ ವೇಳೆಗೆ ಲಂಡನ್ನಿನಲ್ಲಿ ಎಡ್ವರ್ಡ್ ಗಿಬ್ಬನ್ ವೇಕ್‌ಫೀಲ್ಡನ ನ್ಯೂಜಿಲೆಂಡ್ ಕಂಪನಿ ದ್ವೀಪದ ನೆಲವನ್ನು, ಇನ್ನೂ ಕೊಳ್ಳುವ ಮೊದಲೇ, ಮಾರತೊಡಗಿದ್ದಿತು. ಬ್ರಿಟಿಷ್ ಸರ್ಕಾರಕ್ಕೆ ತನ್ನ ಪ್ರಜೆಗಳ ಮೇಲೆ ಅಲ್ಲಿ ಹಿಡಿತವಿರಲಿಲ್ಲ. ಇದಕ್ಕೆ ನಾಲ್ಕು ವರ್ಷ ಹಿಂದೆ, 1835ರಲ್ಲಿ, ಬ್ರಿಟಿಷ್ ಪ್ರತಿನಿಧಿ ಜೇಮ್ಸ್ ಬಸ್ಬಿಯ ಮುಂದೆ ಉತ್ತರದ 34 ನಾಯಕರು ತಮ್ಮ ನಾಡು ಸ್ವತಂತ್ರವೆಂದು ಘೋಷಿಸಿ ರುಜು ಮಾಡಿದ್ದರು. ಬ್ರಿಟಿಷ್ ಸರ್ಕಾರ ಅದನ್ನು ಮಾನ್ಯ ಮಾಡಿಯೂ ಇದ್ದಿತು. ಹಾಗಾಗಿ ಸುಮ್ಮನೆ ಬಾವುಟ ನೆಟ್ಟು ನಾಡನ್ನು ಆಕ್ರಮಿಸುವಂತಿರಲಿಲ್ಲ. ಒಪ್ಪಿಗೆ ಬೇಕಾಗಿದ್ದಿತು. ನೌಕಾಸೇನೆಯ ಕ್ಯಾಪ್ಟನ್ ವಿಲಿಯಂ ಹಾಬ್ಸನ್ ಆ ಒಪ್ಪಿಗೆಯನ್ನು ಪಡೆಯಲು 1840ರ ಜನವರಿ 29ರಂದು ಬಂದಿಳಿದನು.

ಇನ್ನು ವೈತಂಗಿ. ಈ ಹೆಸರನ್ನು ಕೇಳಿದಾಗ ನಮ್ಮ ಕಿವಿಗೆ ತಂಗಿಯೇ ಕೇಳಿಸುವುದು. ಆದರೆ ಅವರ ಭಾಷೆಯಲ್ಲಿ 'ವೈ' ಎಂದರೆ ನೀರು, 'ತಂಗಿ' ಎಂದರೆ ಅಳುವುದು. ಅಳುವ ನೀರು. ಹಾಬ್ಸನ್ನನೂ ಬಸ್ಬಿಯೂ ಸೇರಿ ಇಂಗ್ಲಿಷಿನಲ್ಲಿ ಬರೆದ ಕರಡನ್ನು ಫೆಬ್ರವರಿ 4ರ ಸಂಜೆ ಪಾದ್ರಿ ಹೆನ್ರಿ ವಿಲಿಯಮ್ಸನಿಗೆ ಕೊಟ್ಟರು. ಅವನೂ ಅವನ ಮಗ ಎಡ್ವರ್ಡನೂ ಕುಳಿತು ಒಂದೇ ರಾತ್ರಿಯಲ್ಲಿ ಅದನ್ನು ಮಾವೊರಿಗೆ ತಿರುಗಿಸಿದರು. ಒಂದು ಜನಾಂಗದ ಹಣೆಬರಹ ಒಂದು ರಾತ್ರಿಯ ಭಾಷಾಂತರದಲ್ಲಿ ಬರೆಯಲ್ಪಟ್ಟಿತು ಎಂದರೆ ಅತಿಶಯೋಕ್ತಿಯಾಗದು.

ಮರುದಿನ ಬಸ್ಬಿಯ ಮನೆಯ ಮುಂದಿನ ಬಯಲಿನಲ್ಲಿ ದೊಡ್ಡ ಡೇರೆಯ ಕೆಳಗೆ ಸಭೆ ಸೇರಿತು. ಹಾಬ್ಸನ್ ಇಂಗ್ಲಿಷಿನಲ್ಲಿ ಓದಿದನು, ವಿಲಿಯಮ್ಸ್ ಮಾವೊರಿಯಲ್ಲಿ ಓದಿದನು. ಅನಂತರ ನಾಯಕರು ಒಬ್ಬೊಬ್ಬರಾಗಿ ಎದ್ದು ಮಾತನಾಡಿದರು. ತೆ ಕೆಮಾರ, ರೇವ ಮೊದಲಾದವರು ಕಟುವಾಗಿ ವಿರೋಧಿಸಿದರು: ನಮಗೆ ಗವರ್ನರ್ ಬೇಡ, ನಮ್ಮ ನೆಲ ಈಗಾಗಲೇ ಹೋಗುತ್ತಿದೆ, ನೀನು ಹಿಂದಿರುಗಿ ಹೋಗು ಎಂಬುದೇ ಅವರ ಮಾತಿನ ಸಾರ. ಸಭೆಯ ಒಲವು ಹಾಬ್ಸನ್ನನಿಗೆ ವಿರುದ್ಧವಾಗಿ ಹೋಗುತ್ತಿರುವಾಗ ತಾಮತಿ ವಾಕ ನೆನೆ ಎಂಬ ನಾಯಕನು ಎದ್ದು, ಬಿಳಿಯರನ್ನು ಹೊರಗಟ್ಟುವ ಕಾಲ ಮುಗಿದುಹೋಯಿತು, ಈಗ ಗವರ್ನರ್ ನಮಗೆ ತಂದೆಯಂತೆ ನ್ಯಾಯ ನೋಡಲಿ ಎಂಬ ಅಭಿಪ್ರಾಯ ಕೊಟ್ಟನು. ಗಾಳಿ ತಿರುಗಿತು. ರಾತ್ರಿಯೆಲ್ಲ ನಾಯಕರು ತಮ್ಮತಮ್ಮಲ್ಲಿ ಚರ್ಚಿಸಿದರು.

ಫೆಬ್ರವರಿ 6ರಂದು ರುಜು ಹಾಕಲು ಮೊದಲು ಹೊನೆ ಹೆಕೆಯನ್ನು ಕರೆದಾಗ, ಮುದ್ರಕ ಕೊಲೆನ್ಸೊ ಅಡ್ಡ ಬಂದು, ಈ ಕಾಗದದಲ್ಲಿರುವುದು ಇವರಿಗೆ ತಿಳಿದಿದೆಯೇ ಎಂದು ಹಾಬ್ಸನ್ನನನ್ನು ಕೇಳಿದನು. ತಿಳಿಸುವುದಕ್ಕೆ ತಾನು ಮಾಡಬಹುದಾದುದನ್ನೆಲ್ಲ ಮಾಡಿದ್ದೇನೆ ಎಂಬರ್ಥದ ಉತ್ತರ ಬಂದಿತು. ಹೆಕೆ ರುಜು ಹಾಕಿದನು. ಆ ದಿನ ನಲವತ್ತಕ್ಕೂ ಹೆಚ್ಚು ನಾಯಕರು ಹಾಕಿದರು. ಕೆಲವರು ಹೆಸರನ್ನು ಬರೆದರು, ಕೆಲವರು ಬರಿಯ ಗುರುತು ಹಾಕಿದರು, ಕೆಲವರು ತಮ್ಮ ಮುಖದ ಹಚ್ಚೆಯ ಒಂದು ಭಾಗವನ್ನು ಕಾಗದದ ಮೇಲೆ ಬಿಡಿಸಿದರು. ಒಬ್ಬನ ಹಚ್ಚೆ ಇನ್ನೊಬ್ಬನದರಂತಿಲ್ಲವಾದುದರಿಂದ ಅದಕ್ಕಿಂತ ನಂಬಿಕೆಯ ರುಜು ಬೇರೊಂದಿಲ್ಲ. ಪ್ರತಿಯೊಬ್ಬರಿಗೂ ಎರಡು ಕಂಬಳಿಯೂ ಒಂದಿಷ್ಟು ಹೊಗೆಸೊಪ್ಪೂ ದೊರೆತುವು.

ಆ ಕಾಗದದಲ್ಲಿ ಇದ್ದುದು ಮೂರೇ ಕಲಮುಗಳು. ಇಂಗ್ಲಿಷ್ ಪಾಠದ ಮೊದಲನೆಯ ಕಲಮಿನಲ್ಲಿ ನಾಯಕರು ತಮ್ಮ ಸಾರ್ವಭೌಮಾಧಿಕಾರವನ್ನು ಸಂಪೂರ್ಣವಾಗಿ ಬ್ರಿಟಿಷ್ ರಾಣಿಗೆ ಬಿಟ್ಟುಕೊಡುತ್ತಾರೆ. ಮಾವೊರಿ ಪಾಠದಲ್ಲಿ ಅವರು ಬಿಟ್ಟುಕೊಡುವುದು 'ಕಾವನತಂಗ'. ಇದು ಹಳೆಯ ಮಾವೊರಿ ಶಬ್ದವಲ್ಲ. ಗವರ್ನರ್ ಎಂಬ ಇಂಗ್ಲಿಷ್ ಮಾತನ್ನು 'ಕಾವನ' ಎಂದು ಮಾಡಿ, ಅದಕ್ಕೆ ಬಾಲ ಸೇರಿಸಿ ಪಾದ್ರಿಗಳು ಹುಟ್ಟಿಸಿದ ಮಾತು. ಮಾವೊರಿಗಳು ಈ ಶಬ್ದವನ್ನು ಬೈಬಲಿನಲ್ಲಿ ಓದಿದ್ದರು. ಅಲ್ಲಿ ಪೊಂತಿಯ ಪಿಲಾತನು ಕಾವನ. ಅಂದರೆ ಯಾರೋ ದೊರೆಯ ಹೆಸರಿನಲ್ಲಿ ಒಂದು ಸೀಮೆಯ ಆಡಳಿತ ನೋಡಿಕೊಳ್ಳುವ ಅಧಿಕಾರಿ. ಎರಡನೆಯ ಕಲಮಿನಲ್ಲಿ ಇಂಗ್ಲಿಷ್ ಪಾಠವು ನೆಲ, ಕಾಡು, ಮೀನುಗಾರಿಕೆಗಳ ಸ್ವಾಧೀನವನ್ನು ಮಾತ್ರ ಮಾವೊರಿಗಳಿಗೆ ಉಳಿಸುತ್ತದೆ. ಮಾವೊರಿ ಪಾಠವಾದರೋ ಅವರ ನೆಲ, ಊರು, 'ತಾವೊಂಗ'ಗಳ ಮೇಲೆ, ಅಂದರೆ ಅಮೂಲ್ಯವೆಂದು ಕಾಪಾಡಿಕೊಂಡು ಬಂದ ಎಲ್ಲದರ ಮೇಲೆ, 'ತಿನೊ ರಂಗತಿರತಂಗ'ವನ್ನು ಖಾತರಿಪಡಿಸುತ್ತದೆ. ರಂಗತಿರ ಎಂದರೆ ನಾಯಕ, ಒಡೆಯ. ತಿನೊ ರಂಗತಿರತಂಗ ಎಂದರೆ ಪೂರ್ಣ ಒಡೆತನ, ಯಜಮಾನಿಕೆ. ಮೂರನೆಯ ಕಲಮು ಮಾವೊರಿಗಳಿಗೆ ಬ್ರಿಟಿಷ್ ಪ್ರಜೆಗಳ ಹಕ್ಕುಗಳನ್ನು ಕೊಡುತ್ತದೆ.

ಕನ್ನಡದಲ್ಲಿ ಇದನ್ನು ತಿಳಿಯಲು ನಮಗೆ ಒಂದು ಸುಲಭವಾದ ದಾರಿಯಿದೆ. ದೇವಸ್ಥಾನಕ್ಕೆ ಪಾರುಪತ್ಯಗಾರನೊಬ್ಬನನ್ನು ನೇಮಿಸುತ್ತಾರೆ. ಲೆಕ್ಕ ನೋಡುವುದು, ಜಾತ್ರೆ ನಡೆಸುವುದು, ಜಗಳ ಬಂದರೆ ಬಗೆಹರಿಸುವುದು ಅವನ ಕೆಲಸ. ಹಾಗೆಂದು ದೇವರ ಮಾನ್ಯದ ಗದ್ದೆ ಅವನದಾಗುವುದೇ? ಮಾವೊರಿ ನಾಯಕರು ರಾಣಿಗೆ ಕೊಟ್ಟುದು ಪಾರುಪತ್ಯ, ಉಳಿಸಿಕೊಂಡುದು ಒಡೆತನ. ರಾಣಿಯ ಕಡೆಯವರು ತೆಗೆದುಕೊಂಡುದು ಒಡೆತನ, ಉಳಿಸಿದುದು ಅನುಭೋಗ. ಎರಡು ಪಕ್ಷದವರೂ ಒಂದೇ ಮೇಜಿನ ಮುಂದೆ ಎರಡು ಬೇರೆ ಒಪ್ಪಂದಗಳಿಗೆ ರುಜು ಮಾಡಿ ಎದ್ದರು. ಒಟ್ಟು ಐನೂರಕ್ಕೂ ಹೆಚ್ಚು ನಾಯಕರು ರುಜು ಹಾಕಿದರು. ಅವರಲ್ಲಿ ಇಂಗ್ಲಿಷ್ ಪ್ರತಿಗೆ ಹಾಕಿದವರು 39 ಮಂದಿ ಮಾತ್ರ.

ಇದು ಮೋಸವೇ, ಭಾಷಾಂತರದ ತೊಡಕೇ ಎಂಬ ಪ್ರಶ್ನೆಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ವಿಲಿಯಮ್ಸನಿಗೆ ವೇಳೆಯಿರಲಿಲ್ಲ, ಸಾರ್ವಭೌಮತ್ವವೆಂಬ ಕಲ್ಪನೆಗೆ ಮಾವೊರಿಯಲ್ಲಿ ಸರಿಯಾದ ಮಾತೂ ಇರಲಿಲ್ಲ ಎಂದು ಕೆಲವರು ಹೇಳುತ್ತಾರೆ. ನನಗೆ ಇದು ಸಮಾಧಾನವಾಗಿ ತೋರುವುದಿಲ್ಲ. ಆತನು 1823ರಿಂದ ಆ ಜನರ ನಡುವೆ ಬಾಳಿದವನು. 1835ರ ಸ್ವಾತಂತ್ರ್ಯ ಘೋಷಣೆಯನ್ನು ಮಾವೊರಿಗೆ ತಿರುಗಿಸಿದವನೂ ಅವನೇ. ಅಲ್ಲಿ ಪರಮಾಧಿಕಾರವನ್ನು ಹೇಳಲು 'ಮನ' ಎಂಬ ಮಾತನ್ನು ಬಳಸಿದ್ದನು. ಮನ ಎಂದರೆ ಮಾವೊರಿಗೆ ತೇಜಸ್ಸು, ಮರ್ಯಾದೆ, ಅಧಿಕಾರ ಎಲ್ಲವೂ. ನಿಮ್ಮ ಮನವನ್ನು ರಾಣಿಗೆ ಕೊಡುತ್ತೀರಾ ಎಂದು ಕೇಳಿದ್ದರೆ ಆ ಬಯಲಿನಲ್ಲಿ ಒಬ್ಬನಾದರೂ ಮುಂದೆ ಬರುತ್ತಿದ್ದನೇ? ಐದು ವರ್ಷದ ಹಿಂದೆ ಗೊತ್ತಿದ್ದ ಮಾತು ಆ ರಾತ್ರಿ ಮರೆತುಹೋಯಿತೆಂದು ನಂಬುವುದು ಕಷ್ಟ.

ಇಲ್ಲಿ ನನ್ನ ಮನೆಯ ಒಂದು ಮಾತನ್ನು ಹೇಳಿದರೆ ತಪ್ಪಾಗಲಾರದು. ನಮ್ಮ ವಂಶದಲ್ಲಿ ಕಾಲೇಜಿನ ಬಾಗಿಲು ಕಂಡವನು ನಾನೇ ಮೊದಲಿಗ. ನನ್ನ ಅಜ್ಜನವರು ತಮ್ಮ ಹೊಲದ ಒಂದು ಭಾಗವನ್ನು ಸಾಲಕ್ಕೆ ಆಧಾರ ಮಾಡಿಕೊಟ್ಟು ಹೆಬ್ಬೆಟ್ಟು ಒತ್ತಿದ್ದರು. ಬರೆದವನು ಓದಿ ಹೇಳಿದುದು ಆಧಾರವೆಂದೇ. ಕಾಗದದಲ್ಲಿದ್ದುದು ಕ್ರಯವೆಂದು ಮನೆಯವರಿಗೆ ತಿಳಿದುದು ಸಾಲ ತೀರಿಸಲು ಹೋದಾಗ. ಆ ಪತ್ರದ ನಕಲು ಇನ್ನೂ ನಮ್ಮ ಟ್ರಂಕಿನಲ್ಲಿದೆ. ನಾನು ಎಸ್. ಎಸ್. ಎಲ್. ಸಿ. ಪಾಸಾದ ವರ್ಷ ತಂದೆಯವರು ಅದನ್ನು ನನ್ನ ಕೈಗೆ ಕೊಟ್ಟು, "ಇದರಲ್ಲಿ ಏನು ಬರೆದದೆ, ಒಂದು ಸಲ ಪೂರ್ತಿ ಓದು ಮಗ" ಎಂದರು. ಓದಿದೆ. ಅವರು ಕೊನೆಯವರೆಗೆ ಕೇಳಿ, ಮಡಿಸಿ, ಒಳಗಿಟ್ಟರು. ಆದುದರಿಂದ ಕೊಲೆನ್ಸೊ ಹಾಬ್ಸನ್ನನಿಗೆ ಹಾಕಿದ ಪ್ರಶ್ನೆಯನ್ನು ನಾನು ಬರಿಯ ಇತಿಹಾಸವೆಂದು ಓದಲಾರೆ.

ಒಪ್ಪಂದದ ಪ್ರತಿಗಳನ್ನು ದ್ವೀಪದ ಉದ್ದಗಲಕ್ಕೆ ಒಯ್ದು ರುಜು ಪಡೆದರು. ವೈಕತೊ ಪ್ರಾಂತದ ಪ್ರಬಲ ನಾಯಕ ತೆ ವೆರೊವೆರೊ ಹಾಕಲಿಲ್ಲ. ತೌಪೊ ಸರೋವರದ ತೆ ಹೆಉಹೆಉ ಹಾಕಲಿಲ್ಲ. ಅವನ ತಮ್ಮನು ರುಜು ಹಾಕಿ ತಂದಿದ್ದ ಕಂಬಳಿಗಳನ್ನು ಹಿಂದಕ್ಕೆ ಕಳುಹಿಸಿದನು. ಉತ್ತರದ ನೊಪೆರ ಪನಕರೆಅವೊ ಎಂಬ ನಾಯಕನು, ನೆಲದ ನೆರಳು ರಾಣಿಗೆ ಹೋಗುತ್ತದೆ, ನೆಲ ನಮ್ಮಲ್ಲಿಯೇ ಉಳಿಯುತ್ತದೆ ಎಂದು ಹೇಳಿ ರುಜು ಹಾಕಿದ್ದನು. ಒಂದು ವರ್ಷ ಕಳೆಯುವಷ್ಟರಲ್ಲಿ ಅವನೇ ಆ ಮಾತನ್ನು ತಿರುಗಿಸಿ, ನೆಲ ರಾಣಿಗೆ ಹೋಯಿತು, ನಮಗೆ ಉಳಿದುದು ನೆರಳು ಎಂದನಂತೆ. ಹಾಬ್ಸನ್ನನು ರುಜುಗಳ ಸಂಗ್ರಹ ಮುಗಿಯುವ ಮೊದಲೇ, 1840ರ ಮೇ 21ರಂದು, ಇಡೀ ನಾಡಿನ ಮೇಲೆ ಬ್ರಿಟಿಷ್ ಸಾರ್ವಭೌಮತ್ವವನ್ನು ಸಾರಿಬಿಟ್ಟನು.

ಮೊದಲು ರುಜು ಹಾಕಿದ ಹೊನೆ ಹೆಕೆಯೇ ಮೊದಲು ತಿರುಗಿ ಬಿದ್ದನು. ಕೊರೊರಾರೆಕದ ಗುಡ್ಡದ ಮೇಲೆ ಬ್ರಿಟಿಷ್ ಬಾವುಟ ಹಾರುತ್ತಿದ್ದ ಕಂಬವನ್ನು 1844ರ ಜುಲೈಯಿಂದ 1845ರ ಮಾರ್ಚಿನೊಳಗೆ ನಾಲ್ಕು ಬಾರಿ ಕಡಿಸಿದನು. ನೆಟ್ಟಂತೆಲ್ಲ ಕಡಿದನು. ಅದರಿಂದ ಯುದ್ಧ ಹೊತ್ತಿತು.

ಆದರೆ ಮಾವೊರಿಗಳ ನೆಲವನ್ನು ನುಂಗಿದುದರಲ್ಲಿ ಯುದ್ಧದಷ್ಟೇ ಪಾಲು ಕಾಗದದ್ದೂ ಉಂಟು. ಒಪ್ಪಂದದ ಪ್ರಕಾರ ಮಾವೊರಿಗಳು ನೆಲ ಮಾರುವುದಾದರೆ ಮೊದಲು ಸರ್ಕಾರಕ್ಕೇ ಮಾರಬೇಕು. ಕೊಳ್ಳುವವನು ಒಬ್ಬನೇ ಆದಾಗ ಬೆಲೆ ಯಾರು ಹೇಳಿದಂತೆ ನಡೆಯುವುದೆಂಬುದನ್ನು ಸಂತೆಗೆ ಹೋದವರೆಲ್ಲ ಬಲ್ಲರು. 1848ರಲ್ಲಿ ದಕ್ಷಿಣ ದ್ವೀಪದ ಬಹುದೊಡ್ಡ ಭಾಗವನ್ನು ಅಲ್ಲಿನ ಕುಲದಿಂದ 2,000 ಪೌಂಡಿಗೆ ಬರೆಸಿಕೊಂಡರು. ಅವರಿಗಾಗಿ ಸಾಕಷ್ಟು ನೆಲ ಬಿಡುತ್ತೇವೆಂದ ಮಾತು ನಡೆಯಲಿಲ್ಲ. ಆ ಕುಲದ ಹೆಸರು ಙಾಯಿ ತಹು. ನಮ್ಮ ವರ್ಣಮಾಲೆಯಲ್ಲಿ ಕವರ್ಗದ ಕೊನೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ಙಕಾರಕ್ಕೆ ಕೊನೆಗೂ ಒಂದು ಉಪಯೋಗ ಒದಗಿತೆಂದು ನನ್ನ ಗೆಳೆಯರೊಬ್ಬರು ನಕ್ಕರು. ಇಂಗ್ಲಿಷಿನವರು ಹೇಳಲು ತಿಣುಕುವ ಆ ಹೆಸರನ್ನು ನಾವು ಒಂದೇ ಅಕ್ಷರದಿಂದ ಬರೆಯಬಹುದು.

1840ರಲ್ಲಿ ಮಾವೊರಿಗಳು ಸುಮಾರು 80,000, ಬಿಳಿಯರು ಸುಮಾರು 2,000. ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಬಿಳಿಯರ ಸಂಖ್ಯೆ ಮಾವೊರಿಗಳದನ್ನು ಮೀರಿತು. ನೆಲ ಮಾರುವುದಿಲ್ಲವೆಂದು ಹಲವು ಕುಲಗಳು ಒಂದಾಗಿ 1858ರಲ್ಲಿ ತೆ ವೆರೊವೆರೊನನ್ನು ತಮ್ಮ ದೊರೆಯಾಗಿ ಆರಿಸಿಕೊಂಡವು. ಇದನ್ನು ಸರ್ಕಾರ ರಾಜದ್ರೋಹವೆಂದು ಎಣಿಸಿತು. 1860ರಲ್ಲಿ ತರನಾಕಿಯಲ್ಲಿ, 1863ರಲ್ಲಿ ವೈಕತೊದಲ್ಲಿ ಸೈನ್ಯ ನುಗ್ಗಿತು. 1863ರ ಕಾನೂನಿನಂತೆ ದಂಗೆಯೆದ್ದವರ ನೆಲವನ್ನು ಮುಟ್ಟುಗೋಲು ಹಾಕಿದರು. ದಂಗೆಯೇಳದವರ ನೆಲವೂ ಜೊತೆಗೆ ಹೋಯಿತು. ವೈಕತೊದಲ್ಲಿಯೇ ಸುಮಾರು 12 ಲಕ್ಷ ಎಕರೆ. 1865ರಲ್ಲಿ ಸ್ಥಾಪಿತವಾದ ಭೂನ್ಯಾಯಾಲಯವು ಕುಲದ ನೆಲಕ್ಕೆ ಹತ್ತು ಜನರ ಹೆಸರಿನಲ್ಲಿ ಪಟ್ಟಾ ಬರೆಯಿತು. ಉಳಿದ ನೂರಾರು ಜನರ ಹಕ್ಕು ಒಂದು ದಿನದಲ್ಲಿ ಇಲ್ಲವಾಯಿತು. ಆ ಹತ್ತು ಜನರಿಗೆ ಸಾಲ ಕೊಟ್ಟು ಬರೆಸಿಕೊಳ್ಳುವುದು ವ್ಯಾಪಾರಿಗಳಿಗೆ ಸುಲಭವಾಯಿತು. ಮೋಜಣಿಯ ಖರ್ಚು, ವಕೀಲರ ಖರ್ಚು, ತಿಂಗಳುಗಟ್ಟಲೆ ಪಟ್ಟಣದಲ್ಲಿ ಕಾದು ಕುಳಿತ ಖರ್ಚು ಎಲ್ಲವೂ ನೆಲದ ಮೇಲೆಯೇ. ಕೊನೆಗೆ 1877ರಲ್ಲಿ ಮುಖ್ಯ ನ್ಯಾಯಾಧೀಶ ಪ್ರೆಂಡರ್‌ಗಾಸ್ಟ್, ಒಂದು ಮೊಕದ್ದಮೆಯ ತೀರ್ಪಿನಲ್ಲಿ, ವೈತಂಗಿಯ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯೇ ಇಲ್ಲ, ಅದು ಬರಿಯ ಶೂನ್ಯ ಎಂದು ಬರೆದನು.

ಈ ಕಥೆಯಲ್ಲಿ ಭಾರತೀಯನೊಬ್ಬನು ನಿಂತು ಓದಬೇಕಾದ ಪುಟವೊಂದಿದೆ. ತರನಾಕಿಯ ಪರಿಹಾಕ ಎಂಬ ಹಳ್ಳಿಯಲ್ಲಿ ತೆ ವಿತಿ, ತೊಹು ಎಂಬ ಇಬ್ಬರು ನಾಯಕರಿದ್ದರು. ಮುಟ್ಟುಗೋಲಾದ ತಮ್ಮ ನೆಲವನ್ನು ಸರ್ಕಾರ ಅಳೆದು ಬಿಳಿಯರಿಗೆ ಹಂಚಲು ಹೊರಟಾಗ ಇವರು ಆಯುಧವನ್ನು ಎತ್ತಲಿಲ್ಲ, ನೇಗಿಲನ್ನು ಎತ್ತಿದರು. 1879ರಲ್ಲಿ ಅವರ ಜನ ಬಿಳಿಯರ ಹುಲ್ಲುಗಾವಲುಗಳಿಗೆ ಹೋಗಿ ಉಳತೊಡಗಿದರು. ಉಳುವವರನ್ನು ಹಿಡಿದರೆ ಮರುದಿನ ಬೇರೆಯವರು ಬಂದು ಅದೇ ಸಾಲಿನಿಂದ ಉತ್ತರು. ಹೊಲಗಳಿಗೆ ಅಡ್ಡವಾಗಿ ದಾರಿ ತೆಗೆಯಲು ಸರ್ಕಾರ ಬೇಲಿಯನ್ನು ಕಿತ್ತಾಗ ಇವರು ಮತ್ತೆ ಬೇಲಿ ಹಾಕಿದರು. ನೂರಾರು ಮಂದಿಯನ್ನು ವಿಚಾರಣೆಯಿಲ್ಲದೆ ದಕ್ಷಿಣ ದ್ವೀಪದ ಸೆರೆಮನೆಗಳಿಗೆ ಕಳುಹಿಸಿದರು. ಅದಕ್ಕೆಂದೇ ಕಾನೂನುಗಳನ್ನು ಮಾಡಿದರು. 1881ರ ನವೆಂಬರ್ 5ರ ಬೆಳಿಗ್ಗೆ ಸುಮಾರು 1,600 ಮಂದಿ ಸಶಸ್ತ್ರರು, ಬಿಳಿಯ ಕುದುರೆಯೇರಿದ ಮಂತ್ರಿ ಜಾನ್ ಬ್ರೈಸನೊಡನೆ, ಪರಿಹಾಕಕ್ಕೆ ನುಗ್ಗಿದರು. ಅವರ ದಾರಿಗೆ ಅಡ್ಡವಾಗಿ ಇದ್ದುದು ಹಾಡುತ್ತ ಕುಳಿತ ಮಕ್ಕಳು. ಒಳಗಿನ ಬಯಲಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಸದ್ದಿಲ್ಲದೆ ಕುಳಿತಿದ್ದರು. ಬಂದವರಿಗೆಂದು ರೊಟ್ಟಿ ಬೇಯಿಸಿಡಲಾಗಿತ್ತು. ತೆ ವಿತಿಯನ್ನೂ ತೊಹುವನ್ನೂ ಹಿಡಿದೊಯ್ದರು, ಮನೆಗಳನ್ನು ಕೆಡವಿದರು, ಬೆಳೆಯನ್ನು ಹಾಳುಮಾಡಿದರು. ಒಂದು ಕೈಯೂ ಎದುರಾಗಿ ಏಳಲಿಲ್ಲ.

ಆಗ ಗಾಂಧೀಜಿಗೆ ಹನ್ನೆರಡು ವರ್ಷ. ಅದೇ 1881ರ ಮಾರ್ಚಿನಲ್ಲಿ ಬ್ರಿಟಿಷರು ಐವತ್ತು ವರ್ಷ ತಾವೇ ಆಳಿದ ಮೈಸೂರು ರಾಜ್ಯವನ್ನು ಒಡೆಯರ ವಂಶಕ್ಕೆ ಹಿಂದಿರುಗಿಸಿದ್ದರು. ಒಂದೇ ಸಾಮ್ರಾಜ್ಯ, ಒಂದೇ ವರ್ಷ. ಒಂದೆಡೆ ಕೊಡುವ ಕೈ, ಇನ್ನೊಂದೆಡೆ ಕಸಿಯುವ ಕೈ. ಯಾವ ನ್ಯಾಯದ ಮೇಲೆ ಎಂದು ಕೇಳಿದರೆ, ಮೈಸೂರಿನಲ್ಲಿ ಬಿಳಿಯ ರೈತರು ಬಂದು ನೆಲಸಬೇಕಾಗಿರಲಿಲ್ಲವೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

1896ರ ಗಣತಿಯ ವೇಳೆಗೆ ಮಾವೊರಿಗಳು ಸುಮಾರು 42,000ಕ್ಕೆ ಇಳಿದಿದ್ದರು. ಈ ಜನ ಅಳಿದುಹೋಗುತ್ತಾರೆ, ಅವರ ಕೊನೆಯ ದಿನಗಳನ್ನು ಸುಖವಾಗಿ ಕಳೆಯಿಸುವುದೇ ನಮ್ಮ ಕರ್ತವ್ಯ ಎಂದು ಬಿಳಿಯರು ಕರುಣೆಯಿಂದಲೇ ಮಾತನಾಡುತ್ತಿದ್ದರು. ಶಾಲೆಗಳಲ್ಲಿ ಮಾವೊರಿ ಮಾತನಾಡಿದ ಮಕ್ಕಳಿಗೆ ಏಟು ಬೀಳುತ್ತಿದ್ದಿತು. ಇತ್ತ ಒಪ್ಪಂದದ ಮೂಲಪತ್ರವೂ ಸರ್ಕಾರಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಬಿದ್ದಿದ್ದು, 1908ರಲ್ಲಿ ಡಾ. ಹಾಕೆನ್ ಎಂಬ ವಿದ್ವಾಂಸರಿಗೆ ದೊರೆತಾಗ ನೀರಿನಿಂದ ನೆನೆದು, ಇಲಿಗಳಿಂದ ಕಡಿಯಲ್ಪಟ್ಟಿತ್ತು.

ಜನ ಅಳಿಯಲಿಲ್ಲ. 20ನೆಯ ಶತಮಾನದಲ್ಲಿ ಅವರ ಸಂಖ್ಯೆ ಮತ್ತೆ ಏರಿತು. ಅವರಲ್ಲಿ ಓದಿದವರು ಹುಟ್ಟಿದರು. 1972ರ ಸೆಪ್ಟೆಂಬರ್ 14ರಂದು, ಶಾಲೆಗಳಲ್ಲಿ ಮಾವೊರಿ ಭಾಷೆಯನ್ನು ಕಲಿಸಬೇಕೆಂದು 30,000ಕ್ಕೂ ಹೆಚ್ಚು ರುಜುಗಳಿದ್ದ ಮನವಿ ಪಾರ್ಲಿಮೆಂಟಿಗೆ ತಲಪಿತು. ಅದರ ಮುಂದಾಳುಗಳಲ್ಲಿ ನಮ್ಮಂತಹ ವಿದ್ಯಾರ್ಥಿಗಳು ಹಲವರಿದ್ದರು. 1975ರಲ್ಲಿ ಫಿನಾ ಕೂಪರ್ ಎಂಬ 79 ವರ್ಷದ ಮುದುಕಿ ಮೊಮ್ಮಗಳ ಕೈ ಹಿಡಿದು ಉತ್ತರದ ತುದಿಯ ತೆ ಹಾಪುವದಿಂದ ಹೊರಟಳು. ಇನ್ನು ಒಂದು ಎಕರೆ ಮಾವೊರಿ ನೆಲವೂ ಹೋಗಕೂಡದು ಎಂಬುದೇ ಆ ಮೆರವಣಿಗೆಯ ಘೋಷಣೆ. ಸುಮಾರು ಸಾವಿರ ಕಿಲೋಮೀಟರು ಸಾಗಿ ತಿಂಗಳ ಬಳಿಕ ರಾಜಧಾನಿ ವೆಲಿಂಗ್ಟನ್ ತಲಪುವಾಗ ಸುಮಾರು 5,000 ಜನ ಕೂಡಿದ್ದರು. ವೆಲಿಂಗ್ಟನ್ ಎಂಬ ಹೆಸರು ನಮಗೂ ಹೊಸದಲ್ಲ. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಶ್ರೀರಂಗಪಟ್ಟಣದ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಆದವನು. ಆ ನಗರಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ.

ಅದೇ 1975ರಲ್ಲಿ ವೈತಂಗಿ ನ್ಯಾಯಮಂಡಲಿ ಎಂಬ ಸಂಸ್ಥೆ ಕಾನೂನಿನಿಂದ ಹುಟ್ಟಿತು. ಮೊದಲು ಅದಕ್ಕೆ ಮುಂದೆ ನಡೆಯುವ ಅನ್ಯಾಯಗಳನ್ನು ಮಾತ್ರ ವಿಚಾರಿಸುವ ಅಧಿಕಾರವಿದ್ದಿತು. ಕೊಟ್ಟಿಗೆಯ ಎತ್ತೆಲ್ಲ ಹೋದ ಮೇಲೆ ಬಾಗಿಲಿಗೆ ಕಾವಲು ಹಾಕಿದಂತೆ! 1985ರಲ್ಲಿ ಆ ಅಧಿಕಾರವನ್ನು 1840ರವರೆಗೆ ಹಿಂದಕ್ಕೆ ಒಯ್ದಾಗ ನೂರಾರು ದೂರುಗಳು ಬಂದು ಬಿದ್ದುವು. ಮಂಡಲಿ ಕೊಡುವುದು ಬಹುಮಟ್ಟಿಗೆ ಶಿಫಾರಸು ಮಾತ್ರ. ಆದರೂ ಅಜ್ಜಂದಿರು ಹೇಳುತ್ತಿದ್ದ ಮಾತುಗಳು ಮೊತ್ತಮೊದಲು ಸರ್ಕಾರಿ ಕಡತಕ್ಕೆ ಸಾಕ್ಷ್ಯವಾಗಿ ಸೇರಿದುವು. 1987ರಲ್ಲಿ ಮಾವೊರಿ ಅಧಿಕೃತ ಭಾಷೆಯಾಯಿತು. 1995ರಲ್ಲಿ ವೈಕತೊದ ಕುಲಗಳಿಗೆ 17 ಕೋಟಿ ನ್ಯೂಜಿಲೆಂಡ್ ಡಾಲರ್ ಪರಿಹಾರದೊಡನೆ ಕ್ಷಮಾಯಾಚನೆಯ ಕಾನೂನು ಬಂದಿತು. ಅದಕ್ಕೆ ರಾಣಿ ಎರಡನೆಯ ಎಲಿಜಬೆತ್ ಆ ನಾಡಿನಲ್ಲಿಯೇ ಕುಳಿತು ರುಜು ಹಾಕಿದರು. ಈ ಬಾರಿ ರುಜು ಹಾಕುವ ಸರದಿ ರಾಣಿಯದು. ಮೂರು ವರ್ಷಗಳ ಬಳಿಕ ಙಾಯಿ ತಹು ಕುಲಕ್ಕೂ ಅಷ್ಟೇ ಹಣದ ಪರಿಹಾರ ದೊರೆಯಿತು. ಅವರು ಮನವಿ ಮಾಡತೊಡಗಿ ಆಗಲೇ ಏಳು ತಲೆಮಾರು ಕಳೆದಿತ್ತು. ಪರಿಹಾಕದ ಜನರಲ್ಲಿ ಸರ್ಕಾರ ಕ್ಷಮೆ ಕೇಳಿದುದು 2017ರಲ್ಲಿ. ಕಳೆದುಹೋದ ನೆಲದ ಬೆಲೆಗೆ ಹೋಲಿಸಿದರೆ ಈ ಪರಿಹಾರಗಳು ಅಲ್ಪ. ನಾಡಿನ ಒಟ್ಟು ನೆಲದಲ್ಲಿ ಮಾವೊರಿ ಭೂಮಿಯಾಗಿ ಈಗ ಉಳಿದಿರುವುದು ನೂರಕ್ಕೆ ಐದರಷ್ಟು.

2014ರಲ್ಲಿ ನ್ಯಾಯಮಂಡಲಿಯು, 1840ರ ಫೆಬ್ರವರಿಯಲ್ಲಿ ರುಜು ಹಾಕಿದ ಉತ್ತರದ ನಾಯಕರು ತಮ್ಮ ಸಾರ್ವಭೌಮತ್ವವನ್ನು ಬಿಟ್ಟುಕೊಟ್ಟಿರಲಿಲ್ಲ ಎಂದು ತನ್ನ ವರದಿಯಲ್ಲಿ ಬರೆಯಿತು. ತನ್ನ ಸಾರ್ವಭೌಮತ್ವ ಪ್ರಶ್ನಾತೀತವೆಂದು ಸರ್ಕಾರ ಉತ್ತರ ಕೊಟ್ಟಿತು. ಹತ್ತು ವರ್ಷದ ಅನಂತರ, 2024ರಲ್ಲಿ, ಒಪ್ಪಂದದ ತತ್ತ್ವಗಳಿಗೆ ಹೊಸ ಅರ್ಥವನ್ನು ಕಾನೂನಿನಿಂದಲೇ ಗೊತ್ತುಪಡಿಸುವ ಮಸೂದೆಯೊಂದು ಪಾರ್ಲಿಮೆಂಟಿನ ಮುಂದೆ ಬಂದಿತು. ಆ ಸಭೆಯ ಅತಿ ಕಿರಿಯ ಸದಸ್ಯೆ, ನನಗಿಂತ ಎರಡೇ ವರ್ಷ ಹಿರಿಯಳಾದ 22ರ ಹಾನಾ ರಾವಿತಿ ಮೈಪಿ ಕ್ಲಾರ್ಕ್, ಮಸೂದೆಯ ಪ್ರತಿಯನ್ನು ಅಲ್ಲಿಯೇ ಹರಿದು, ತನ್ನ ಜನರ 'ಹಕ' ಕುಣಿತವನ್ನು ಆರಂಭಿಸಿದಳು. ಕೆಲವು ದಿನಗಳ ಬಳಿಕ ಉತ್ತರದಿಂದ ಕಾಲ್ನಡಿಗೆಯ ಜಾಥಾ ಬಂದು ಸೇರಿದಾಗ ಪಾರ್ಲಿಮೆಂಟಿನ ಮುಂದೆ ಸುಮಾರು 42,000 ಜನ ನೆರೆದಿದ್ದರು. ಬಿಳಿಯರೂ ಅದರಲ್ಲಿ ಬಹಳ ಮಂದಿ. 2025ರ ಏಪ್ರಿಲ್ 10ರಂದು ಆ ಮಸೂದೆ 11ಕ್ಕೆ ವಿರುದ್ಧವಾಗಿ 112 ಮತಗಳಿಂದ ಬಿದ್ದುಹೋಯಿತು.

ಒಪ್ಪಂದದ ಮೂಲ ಹಾಳೆಗಳು ಒಂಬತ್ತು: ಏಳು ಕಾಗದದವು, ಎರಡು ತೊಗಲಿನವು. 2017ರಿಂದ ಅವನ್ನು ವೆಲಿಂಗ್ಟನ್ನಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಮಂದ ಬೆಳಕಿನ ಕೋಣೆಯೊಂದರಲ್ಲಿ ಇಟ್ಟಿದ್ದಾರೆ. ವೈತಂಗಿಯಲ್ಲಿ ರುಜುವಾದ ತೊಗಲಿನ ಹಾಳೆಯಲ್ಲಿ ಇಲಿ ತಿಂದ ದೊಡ್ಡ ತೂತುಗಳಿವೆ. ಅಲ್ಲಿ ಏನಿತ್ತೆಂದು ತಿಳಿಯಬೇಕಾದವರು, ಹಾಳೆ ಕೆಡುವ ಮೊದಲೇ ಸರ್ಕಾರಿ ಮುದ್ರಣಾಲಯವು ಮೂಲದಂತೆಯೇ ಅಚ್ಚು ಹಾಕಿದ ನಕಲುಗಳನ್ನು ನೋಡುತ್ತಾರೆ. ಆ ನಕಲುಗಳು ಅಚ್ಚಾದುದು 1877ರಲ್ಲಿ, ಪ್ರೆಂಡರ್‌ಗಾಸ್ಟನು ಅದನ್ನು ಶೂನ್ಯವೆಂದು ಬರೆದ ವರ್ಷ.